ಹತ್ತಿರದ ಮೆಟ್ಟಿಲು: ಮಂಠಾಳದಿಂದ ಕಾಣುವ ಉದ್ಯೋಗದ ಗುರಿಗಳು

ಮಂಠಾಳ, ಮುಡಬಿ, ರಾಜೇಶ್ವರ, ಹಳ್ಳಿಖೇಡ. ಬಸವಕಲ್ಯಾಣ–ಹುಮನಾಬಾದ್ ಭಾಗದ ಯಾವ ಊರಿನ ಕಟ್ಟೆಯ ಮೇಲೆ ಡಿಗ್ರಿ ಮುಗಿಸಿದ ಹುಡುಗನನ್ನು ಮಾತಾಡಿಸಿದರೂ ಮಾತು ಹೆಚ್ಚುಕಡಿಮೆ ಒಂದೇ. “ಏನ್ ಮಾಡ್ಲತ್ತಿಯೋ ತಮ್ಮಾ?” “ಓದ್ಲತ್ತೀನಿ ಕಾಕಾ.” ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ. ಓದುವುದೆಂದರೆ ಸರಕಾರಿ ನೌಕರಿಗೆ ಓದುವುದು ಎಂಬುದು ಕೇಳುವವರಿಗೂ ಹೇಳುವವರಿಗೂ ಗೊತ್ತು. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಶಿಕ್ಷಕ ಹುದ್ದೆ ಇವುಗಳಲ್ಲಿ ಯಾವುದು ಮೊದಲು ಕರೆಯುತ್ತದೋ ಅದಕ್ಕೆ ಅರ್ಜಿ. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತ ಹುಡುಗ ಪಿಯುಸಿ ಮುಟ್ಟಿರುವುದಿಲ್ಲ. ಅವನು ಬರುವ ವಾರ ಪುಣೆಗೋ ಹೈದರಾಬಾದಿಗೋ ಹೊರಡುವವನು. ಹೋದ ಮೇಲೆ ಏನು ಎಂಬುದು ಹೋದ ಮೇಲಿನ ಮಾತು.

ಒಬ್ಬನಿಗೆ ಬಹು ದೂರದ ಗುರಿಯೊಂದಿದೆ, ಅಲ್ಲಿಗೆ ತಲುಪಲು ನಡುವೆ ಮೆಟ್ಟಿಲಿಲ್ಲ. ಇನ್ನೊಬ್ಬನಿಗೆ ಈ ತಿಂಗಳ ಕೂಲಿ ಇದೆ, ಅದರಾಚೆ ಗುರಿಯೇ ಇಲ್ಲ. ಅಲ್ಪಾವಧಿ ಗುರಿ, ದೀರ್ಘಾವಧಿ ಗುರಿ ಎಂದು ವೃತ್ತಿ ಮಾರ್ಗದರ್ಶನದ ಪುಸ್ತಕಗಳು ಬರೆಯುವುದನ್ನೆಲ್ಲ ನಮ್ಮ ಗಡಿನಾಡಿನಲ್ಲಿ ಈ ಇಬ್ಬರನ್ನು ಮುಂದಿಟ್ಟುಕೊಂಡೇ ಓದಬೇಕು.

ಮೊದಲು ಪಂಡಿತರು ಕಂಡುಕೊಂಡದ್ದನ್ನು ನೋಡೋಣ. ಅಮೆರಿಕದ ಎಡ್ವಿನ್ ಲಾಕ್ 1968ರಿಂದ, ಮುಂದೆ ಗ್ಯಾರಿ ಲಥಾಮ್ ಜೊತೆಗೂಡಿ, ದಶಕಗಟ್ಟಲೆ ನಡೆಸಿದ ಅಧ್ಯಯನಗಳ ತಿರುಳು ಇಷ್ಟು: ‘ಆದಷ್ಟು ಮಾಡುತ್ತೇನೆ’ ಎನ್ನುವವನಿಗಿಂತ, ತುಸು ಕಷ್ಟದ, ಸ್ಪಷ್ಟವಾದ ಗುರಿಯೊಂದನ್ನು ಇಟ್ಟುಕೊಂಡವನು ಹೆಚ್ಚು ಸಾಧಿಸುತ್ತಾನೆ. ಗುರಿ ಅಳತೆಗೆ ಸಿಗಬೇಕು, ಕಾಲಮಿತಿ ಇರಬೇಕು ಎಂದು ಇಂದು ಪ್ರತಿ ತರಬೇತಿ ಶಿಬಿರದಲ್ಲೂ ಹೇಳಿಕೊಡುವ ಸೂತ್ರವನ್ನು ಜಾರ್ಜ್ ಡೊರಾನ್ 1981ರಲ್ಲಿ ಕಂಪನಿಗಳ ಮ್ಯಾನೇಜರುಗಳಿಗಾಗಿ ಬರೆದ. ಅದೇ ವರ್ಷ ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶಂಕ್ ಪ್ರಕಟಿಸಿದ ಪ್ರಯೋಗವೊಂದು ನನ್ನ ದೃಷ್ಟಿಯಲ್ಲಿ ನಮಗೆ ಇನ್ನೂ ಹತ್ತಿರದ್ದು. ಕಳೆಯುವ ಲೆಕ್ಕ ಬಾರದೆ, ಗಣಿತವೆಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳಿಗೆ 42 ಪುಟಗಳ ಲೆಕ್ಕ ಕೊಟ್ಟರು. ಒಂದು ಗುಂಪಿಗೆ, ಪ್ರತಿ ಸಲ ಆರು ಪುಟ ಮುಗಿಸಿ ಎಂದರು. ಇನ್ನೊಂದಕ್ಕೆ, ಏಳು ಸಲ ಕೂತು ಕೊನೆಗೆ 42 ಪುಟ ಮುಗಿಸಿ ಎಂದರು. ಮತ್ತೊಂದಕ್ಕೆ ಏನೂ ಹೇಳಲಿಲ್ಲ. ಆರು ಪುಟದ ಗುಂಪು ಲೆಕ್ಕವನ್ನೂ ಕಲಿಯಿತು, ನಮ್ಮಿಂದ ಆಗುತ್ತದೆ ಎಂಬ ಧೈರ್ಯವನ್ನೂ ಪಡೆಯಿತು. ಕೊನೆಗೆ 42 ಎಂದು ಹೇಳಿಸಿಕೊಂಡವರಿಗೂ ಏನೂ ಹೇಳಿಸಿಕೊಳ್ಳದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ದೂರದ ಗುರಿಯನ್ನಷ್ಟೇ ಕೊಟ್ಟು ಬಿಟ್ಟರೆ ಗುರಿ ಕೊಡದಷ್ಟೇ ಫಲ. ‘ಕೆಎಎಸ್ ಮಾಡಪ್ಪಾ’ ಎಂದು ಹರಸಿ ಕಳಿಸುವ ನಮ್ಮ ಮನೆಗಳು ಯೋಚಿಸಬೇಕಾದ ಮಾತು ಇದು.

ಇನ್ನೊಂದು ಕಡೆಯಿಂದ ಅರ್ಜುನ್ ಅಪ್ಪಾದುರೈ 2004ರಲ್ಲಿ ಆಸೆಪಡುವ ಶಕ್ತಿಯ ಬಗ್ಗೆ ಬರೆದರು. ಬಡವರಿಗೆ ಆಸೆ ಕಡಿಮೆ ಎಂಬುದು ಸುಳ್ಳು ಎಂದರು ಅವರು. ಆಸೆಯಿಂದ ಅದರ ಈಡೇರಿಕೆವರೆಗಿನ ದಾರಿಗಳನ್ನು ಓಡಾಡಿ ನೋಡುವ ಅವಕಾಶ ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. ಡಾಕ್ಟರರ ಮಗನಿಗೆ ಡಾಕ್ಟರಾಗುವ ನಡುವಿನ ಪ್ರತಿ ತಿರುವೂ ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತದೆ. ಮಂಠಾಳದ ಕೂಲಿಕಾರರ ಮಗಳಿಗೆ ಮೊದಲ ತುದಿ ಗೊತ್ತು, ಕೊನೆಯ ತುದಿ ಗೊತ್ತು, ನಡುವಿನದು ಕತ್ತಲೆ. ಅರ್ಥಶಾಸ್ತ್ರಜ್ಞ ದೇಬರಾಜ್ ರೇ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಮನುಷ್ಯ ತನ್ನಂಥವರನ್ನು ನೋಡಿ ಗುರಿ ಇಟ್ಟುಕೊಳ್ಳುತ್ತಾನೆ, ಗುರಿ ತೀರ ಹತ್ತಿರವಿದ್ದರೆ ಶ್ರಮ ಪಡುವುದಿಲ್ಲ, ತೀರ ದೂರವಿದ್ದರೆ ಕೈಚೆಲ್ಲುತ್ತಾನೆ.

ಈ ನಡುವಿನ ಕತ್ತಲೆಗೆ ನಮ್ಮ ಭಾಗದಲ್ಲಿ ಇತಿಹಾಸದ ಕಾರಣಗಳಿವೆ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1948ರ ಸೆಪ್ಟೆಂಬರ್ 17ರಂದು ವಿಮೋಚನೆಯಾಗಿ, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ನೌಕರಿಯ ಭಾಷೆ ಬದಲಾಯಿತು, ರಾಜಧಾನಿ ಬದಲಾಯಿತು. ಹೈದರಾಬಾದ್ ಸಂಸ್ಥಾನದಲ್ಲಿ ಸ್ಥಳೀಯರಿಗೆ ನೌಕರಿ ಕಾದಿರಿಸುತ್ತಿದ್ದ ಮುಲ್ಕಿ ನಿಯಮಗಳ ಆಸರೆಯೂ ಹೋಯಿತು. ತೆಲಂಗಾಣದವರಿಗೆ 1973ರ ತಿದ್ದುಪಡಿಯಿಂದ ಸಂವಿಧಾನದ 371ಡಿ ವಿಧಿ ಸಿಕ್ಕಿತು. ನಮಗೆ ಅಂಥದ್ದೊಂದು ಸಿಗಲು ವೈಜನಾಥ ಪಾಟೀಲರಂಥವರು ಇಡೀ ಬದುಕನ್ನು ಹೋರಾಟಕ್ಕೆ ಕೊಡಬೇಕಾಯಿತು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು. 371ಜೆ ಬಂತು.

2013ರ ಆದೇಶಗಳ ಪ್ರಕಾರ ಈ ಭಾಗದ ಕಚೇರಿಗಳಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ 8. ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ 8. ಇದು ಸಣ್ಣ ಮಾತಲ್ಲ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 15,000 ಹುದ್ದೆಗಳ ಪೈಕಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಇವತ್ತು ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ ಬಂದಿದ್ದು ಈ ಬಾಗಿಲಿನಿಂದ. ಓದುವ ಹುಡುಗರನ್ನು ಸೋಮಾರಿಗಳೆಂದು ಬೈಯುವವರು ಇದನ್ನು ಮರೆಯಬಾರದು. ಬಾಗಿಲು ತೆರೆದಿರುವಾಗ ಆ ಕಡೆ ನಡೆಯುವುದು ವಿವೇಕವೇ.

ಆ ಬಾಗಿಲಿಗೆ ಹೋಗುವ ಹತ್ತಿರದ ಮೆಟ್ಟಿಲುಗಳನ್ನೂ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಕೊರಗು. 371ಜೆ ಪ್ರಮಾಣಪತ್ರ ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು. ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ ಓದಿದ ಶಾಲೆಯ ಮೂಲಕ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಅರ್ಜಿಯ ಕೊನೆಯ ದಿನದೊಳಗೆ ಇವೆಲ್ಲ ಕೈಯಲ್ಲಿರಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು, ದಾಖಲೆ ಪರಿಶೀಲನೆಯ ದಿನ ಕಾಗದವಿಲ್ಲದೆ ಹಿಂದಿರುಗುವುದಕ್ಕಿಂತ ದೊಡ್ಡ ನೋವಿಲ್ಲ. ಡಿಗ್ರಿಯ ಮೊದಲ ವರ್ಷದಲ್ಲೇ ಒಂದು ಫೈಲು ಸಿದ್ಧ ಮಾಡಿಕೊಳ್ಳುವುದು ಅಲ್ಪಾವಧಿ ಗುರಿಯ ಅಚ್ಚುಕಟ್ಟಾದ ಉದಾಹರಣೆ: ದುಡ್ಡು ಹೆಚ್ಚು ಬೇಡ, ಯಾವ ಪರೀಕ್ಷೆಯಾದರೂ ಉಪಯೋಗಕ್ಕೆ ಬರುತ್ತದೆ, ಮುಗಿಯಿತೋ ಇಲ್ಲವೋ ಎಂಬುದು ನಿಚ್ಚಳ.

ಇನ್ನೊಂದು ಮೆಟ್ಟಿಲು ಕನ್ನಡದ್ದು. ಮಂಠಾಳದಂಥ ಗಡಿ ಊರುಗಳಲ್ಲಿ ಮನೆಯಲ್ಲಿ ಮರಾಠಿ ಅಥವಾ ಉರ್ದು ಆಡುತ್ತ, ಅದೇ ಮಾಧ್ಯಮದಲ್ಲಿ ಓದಿದ ಮಕ್ಕಳಿದ್ದಾರೆ. ಅವರೂ ಈ ನಾಡಿನ ಮಕ್ಕಳೇ, ಅವರಿಗೂ 371ಜೆ ಇದೆ. ಹಲವು ನೇಮಕಾತಿಗಳಲ್ಲಿ ಇರುವ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ ಕನಿಷ್ಠ 50 ಬರದಿದ್ದರೆ ಉಳಿದ ಪತ್ರಿಕೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಅಂಥವರಿಗೆ ಮೊದಲ ವರ್ಷದ ಗುರಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವಲ್ಲ. ದಿನಾ ಒಂದು ಕನ್ನಡ ಪತ್ರಿಕೆ ಓದಿ ಒಂದು ಪುಟ ಬರೆಯುವುದು. ಗಡಿ ದಾಟಿ ಲಾತೂರಿನಲ್ಲಿ ಓದಲು ಮಕ್ಕಳನ್ನು ಕಳಿಸುವವರೂ ಲೆಕ್ಕ ಹಾಕಬೇಕಾದ್ದು ಒಂದಿದೆ: ವೃತ್ತಿಶಿಕ್ಷಣದ ಸರಕಾರಿ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲೇ ಏಳು ವರ್ಷ ಓದಿರಬೇಕೆಂಬ ಷರತ್ತಿದೆ. ಹದಿನೈದರ ಹುಡುಗನ ಹತ್ತಿರದ ತೀರ್ಮಾನ ಹದಿನೆಂಟರಲ್ಲಿ ಅವನ ದೂರದ ಗುರಿಯನ್ನು ಮುಟ್ಟುವುದು ಹೀಗೆ.

ಈಗ ಕಹಿ ಸಂಗತಿ. ಸರಕಾರಿ ಪರೀಕ್ಷೆಯ ಕ್ಯಾಲೆಂಡರು ಅಭ್ಯರ್ಥಿಯ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮದ ಎಳೆ ನಮ್ಮ ಪಕ್ಕದ ಕಲಬುರಗಿಯಲ್ಲೇ ಸಿಕ್ಕಿತು. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. 2011ರಲ್ಲಿ ಕರೆದ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯನ್ನು 2014ರಲ್ಲಿ ಕೈಬಿಟ್ಟು, 2022ರಲ್ಲಿ ಕಾನೂನು ಮಾಡಿ ಊರ್ಜಿತಗೊಳಿಸಿದರು. 384 ಹುದ್ದೆಗಳಿಗೆ 2024ರ ಆಗಸ್ಟಿನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರಿನಲ್ಲಿ ಮತ್ತೆ ಬರೆಸಬೇಕಾಯಿತು. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವ ಹಳ್ಳಿಯ ಮಕ್ಕಳೇ ಅದರ ಪೆಟ್ಟು ತಿಂದವರು. 2024ರ ಅಕ್ಟೋಬರಿನ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವ ತನಕ ಹೊಸ ಅಧಿಸೂಚನೆಗಳೇ ಬೇಡವೆಂದು ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದು ಆಗಲೇಬೇಕಿತ್ತು. ಆದರೆ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದವರ ಬಾಡಿಗೆ, ಮೆಸ್ ಬಿಲ್ಲು, ವಯಸ್ಸು ಯಾವುದೂ ನಿಲ್ಲಲಿಲ್ಲ. ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40 ಎಂದು ಸಾಮಾನ್ಯವಾಗಿ ಇರುವುದರಿಂದ ‘ಇನ್ನೂ ಟೈಮ್ ಐತಿ’ ಎಂಬ ಮಾತು ಹದಿನೈದು ವರ್ಷ ನಡೆಯುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ತಮಿಳುನಾಡು 2001ರಿಂದ 2006ರವರೆಗೆ ಹೆಚ್ಚಿನ ನೇಮಕಾತಿ ನಿಲ್ಲಿಸಿತ್ತು. ಹುದ್ದೆಯೇ ಇಲ್ಲದ ಮೇಲೆ ಹುಡುಗರು ಬೇರೆ ಕೆಲಸಕ್ಕೆ ಹೋದರೇ ಎಂದು ಸಂಶೋಧಕ ಕುನಾಲ್ ಮಂಗಲ್ ನೋಡಿದರೆ ಆದದ್ದು ಉಲ್ಟಾ: ಆ ವರ್ಷಗಳಲ್ಲಿ ಪದವಿ ಮುಗಿಸಿದ ಗಂಡುಮಕ್ಕಳು ಕೆಲಸವಿಲ್ಲದೆ ಓದುತ್ತ ಇನ್ನೂ ಹೆಚ್ಚು ಕಾಲ ಕಳೆದರು, ಅದರ ನಷ್ಟ ಮುಂದಿನ ವರ್ಷಗಳ ದುಡಿಮೆಗೂ ಅಂಟಿತು. ಮೇರಠದ ಪದವೀಧರರ ಕಾಯುವಿಕೆಯನ್ನು ಕುರಿತು ಕ್ರೇಗ್ ಜೆಫ್ರಿ 2010ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ರಾಜ್ಯ ಸರಕಾರ 2024ರ ಜನವರಿ 12ರಂದು ಯುವನಿಧಿ ಆರಂಭಿಸಿ, ಹೊಸ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಆ ಎರಡು ವರ್ಷವನ್ನೇ ಒಂದು ಗೆರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಎರಡು ವರ್ಷ ಪೂರ್ತಿ ಓದು. ಆಮೇಲೆ ದುಡಿಯುತ್ತ ಓದು. ಕೆಲಸ ಹಿಡಿದ ಕೂಡಲೇ ಕನಸು ಬಿಟ್ಟಂತೆ ಎಂದು ಊರಿನವರು ಅನ್ನುವುದನ್ನು ನಿಲ್ಲಿಸಬೇಕು. ಹುಡುಗನನ್ನು ಕಟ್ಟೆಯ ಮೇಲೆ ಕಟ್ಟಿಹಾಕಿರುವುದು ಅರ್ಧ ಆ ಮಾತೇ.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ. ದೂರದ ಗುರಿ ಹುದ್ದೆಯ ಹೆಸರಿನಲ್ಲಿ ಇರಬಾರದು, ಕೆಲಸದ ಹೆಸರಿನಲ್ಲಿ ಇರಬೇಕು. ಹತ್ತಿರದ ಗುರಿ, ದೂರದ್ದು ಕೈತಪ್ಪಿದರೂ ನಮ್ಮಲ್ಲೇ ಉಳಿಯುವಂಥದ್ದಾಗಿರಬೇಕು. ‘ಶಿಕ್ಷಕ ಹುದ್ದೆ’ ಎಂಬುದು ಅಧಿಸೂಚನೆಗೆ ಕಾಯುತ್ತದೆ. ‘ಮಕ್ಕಳಿಗೆ ಗಣಿತ ಕಲಿಸಬೇಕು’ ಎಂಬುದು ನಾಳೆಯೇ ಶುರುವಾಗಬಹುದು, ಅಧಿಸೂಚನೆ ಬಂದ ದಿನ ಆ ಅನುಭವ ಪರೀಕ್ಷೆಗೂ ಒದಗುತ್ತದೆ. ಕಲ್ಯಾಣದ ನೆಲದಲ್ಲಿ ನಿಂತು ಈ ಮಾತು ಹೇಳಲು ಸಂಕೋಚ ಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಸೇರಿದ ಶರಣರನ್ನು ನಾವು ಇಂದಿಗೂ ಕರೆಯುವುದು ಅವರು ಮಾಡುತ್ತಿದ್ದ ಕೆಲಸದಿಂದ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಜೊತೆ ಹಗ್ಗ ಹೊಸೆಯುವವರು ಸಮನಾಗಿ ಕೂತಿದ್ದ ಊರು ಇದು. ಅವರು ಸೇರುತ್ತಿದ್ದ ಅನುಭವ ಮಂಟಪದ ನೆನಪಿಗೆ 2021ರ ಜನವರಿಯಲ್ಲಿ ಇಲ್ಲಿ ಹೊಸ ಮಂಟಪಕ್ಕೆ ಅಡಿಗಲ್ಲು ಬಿತ್ತು. ಆ ಮಂಟಪ ನೋಡಲು ಬರುವ ಶಾಲಾ ಮಕ್ಕಳಿಗೆ ಶರಣರ ಕೆಲಸಗಳ ಕಥೆಯನ್ನೂ ಹೇಳುವವರಿರಲಿ.

ಹುದ್ದೆಯಿಲ್ಲದೆಯೂ ಮೆಟ್ಟಿಲಿರುವ ಕಸುಬು ಬೇಕೆಂದರೆ ಮಂಠಾಳದಿಂದ ದೂರ ಹೋಗಬೇಕಿಲ್ಲ. ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಇದೆ. ಬಸವಕಲ್ಯಾಣ ಲಾರಿಗಳ ಊರು ಎಂದು ಹೆದ್ದಾರಿಯುದ್ದಕ್ಕೂ ಹೆಸರು. ಅಲ್ಲಿನ ಆಟೋ ನಗರದ ಶೆಡ್ಡುಗಳಲ್ಲಿ ಒಂದು ಲಾರಿ ಚಕ್ರ ಬಿಚ್ಚಿಸಿಕೊಂಡು ಕಟ್ಟಿಗೆ ದಿಮ್ಮಿಗಳ ಮೇಲೆ ನಿಂತಿದ್ದರೆ, ಇನ್ನೊಂದಕ್ಕೆ ಹೊಸ ಬಾಡಿ ಕಟ್ಟುತ್ತಿರುತ್ತಾರೆ. ಹೊಸದಾಗಿ ಸೇರಿದ ಹುಡುಗನ ಕೆಲಸ ಉಸ್ತಾದ ಕೈ ಚಾಚಿದಾಗ ಸರಿಯಾದ ಪಾನಾ ಕೊಡುವುದು. ಹದಿನಾರು–ಹದಿನೇಳರದು ಯಾವುದು, ಇಪ್ಪತ್ನಾಲ್ಕರದು ಯಾವುದು ಎಂದು ಬೋಲ್ಟ್ ನೋಡಿಯೇ ಹೇಳುವಷ್ಟು ಕಣ್ಣು ಪಳಗಲು ತಿಂಗಳುಗಳು ಬೇಕು. ಆಮೇಲೆ ಕಮಾನ್ ಬಿಚ್ಚುವುದು, ಆಮೇಲೆ ಬ್ರೇಕು, ಗೇರ್‌ಬಾಕ್ಸು, ಕೊನೆಗೆ ಇಂಜಿನ್ನು. ಯಾರೂ ಬರೆದಿಡದಿದ್ದರೂ ಇದೊಂದು ಪಠ್ಯಕ್ರಮ, ಪ್ರತಿ ಹಂತದಲ್ಲೂ ಪಗಾರ ಏರುತ್ತದೆ. ಡ್ರೈವರ್ ದಾರಿಯೂ ಹಾಗೇ: ಕ್ಲೀನರ್, ಡ್ರೈವರ್, ಕಂತಿನ ಮೇಲೆ ಒಂದು ಹಳೆ ಲಾರಿ, ಆಮೇಲೆ ಮಾಲಕ. ಲಘು ವಾಹನದ ಲೈಸೆನ್ಸ್ ಒಂದು ವರ್ಷ ಹಳೆಯದಾಗಿರಬೇಕು, ವಯಸ್ಸು ಇಪ್ಪತ್ತಾಗಿರಬೇಕು. ಅಂದಮೇಲೆ ಲಾರಿ ಓಡಿಸಬೇಕೆನ್ನುವವನು ಹದಿನೆಂಟಕ್ಕೇ ಸಣ್ಣ ಲೈಸೆನ್ಸ್ ಮಾಡಿಸಿಕೊಳ್ಳುವುದು ಹತ್ತಿರದ ಗುರಿ. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದರು. ಅದರಿಂದ ಬಾಗಿಲು ದೊಡ್ಡದಾಯಿತು ನಿಜ, ಓದು ಬಿಡಲು ಇನ್ನೊಂದು ನೆಪವೂ ಸಿಕ್ಕಿತು.

ಓದು ಬಿಟ್ಟವನಿಗೆ ಆಟೋ ನಗರವೇ ಈಗ ಕಷ್ಟವಾಗುತ್ತಿದೆ. 2020ರ ಏಪ್ರಿಲಿನಿಂದ ಬಿಎಸ್ 6 ಗಾಡಿಗಳು ಬಂದಿವೆ. ಸೆನ್ಸರು, ಹೊಗೆ ಶುದ್ಧಿಗೆ ಯೂರಿಯಾ ದ್ರಾವಣ, ಕಂಪ್ಯೂಟರ್ ತೋರಿಸುವ ಎರರ್ ಕೋಡು. ಕಿವಿಯಿಂದಲೇ ಇಂಜಿನ್ನಿನ ದೋಷ ಹೇಳುತ್ತಿದ್ದ ಉಸ್ತಾದರ ಮಗ ಇಂಗ್ಲಿಷಿನ ಕೋಡು ಓದಬೇಕು. ಹತ್ತನೇ ಮುಗಿಸಿ, ಐಟಿಐಯಲ್ಲಿ ಮೋಟಾರು ವಾಹನ ಅಥವಾ ಎಲೆಕ್ಟ್ರಿಷಿಯನ್ ಕಲಿತು, ರಜೆಯಲ್ಲಿ ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಹತ್ತು ವರ್ಷಗಳಾಚೆ ಸ್ವಂತ ಗ್ಯಾರೇಜ್ ಕಾಣುತ್ತದೆ. ಬಸವಕಲ್ಯಾಣದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಭರವಸೆ ಇಟ್ಟಿರುವುದು ಈ ಹುಡುಗನ ಮೇಲೆ.

ಹುಮನಾಬಾದಿನಲ್ಲಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಎಲ್ಲರೂ ಜಿಟಿಟಿಸಿ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಆದವರು ಸೇರಬಹುದಾದ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷದ್ದು, ನಾಲ್ಕನೇ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಲ್ಲಿ ಕಲಿತ ಕೈ ಪುಣೆಗೆ ಹೋದರೆ ಕೂಲಿಯಾಗಿ ಹೋಗುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ದಾರಿಯಿದೆ. ಪಿಯುಸಿ ವಿಜ್ಞಾನದಲ್ಲಿ ಎಡವಿ ಓದನ್ನೇ ಬಿಡುವ ಮಕ್ಕಳ ಮನೆಗಳಿಗೆ ಇದನ್ನು ಮೊದಲೇ ಹೇಳಿರಬೇಕಿತ್ತು. ಹುಮನಾಬಾದ್ ಕೈಗಾರಿಕಾ ಪ್ರದೇಶದ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಕೆಲಸವಿದೆ. ವಾಸನೆ, ನೀರಿನ ತಕರಾರು, ಗುತ್ತಿಗೆಯ ನೌಕರಿ ಇವೂ ಅಲ್ಲಿವೆ. ಸೇರುವವರು ಪಿಎಫ್ ಮತ್ತು ಸುರಕ್ಷತೆಯನ್ನು ವಿಚಾರಿಸಿಯೇ ಸೇರಬೇಕು. 2017ರಲ್ಲಿ ಬೀದರ್–ಕಲಬುರಗಿ ರೈಲು ಹುಮನಾಬಾದಿಗೆ ಬಂದ ಮೇಲೆ ಕಲಬುರಗಿಯ ಕಾಲೇಜುಗಳೂ ಹತ್ತಿರವಾಗಿವೆ.

ನೀಟ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದರ ಮಾತು ಎಲ್ಲೆಡೆ ಬೇಕಾದಷ್ಟಿದೆ. 1989ರಲ್ಲಿ ಬೀದರಿನಲ್ಲಿ ಶುರುವಾದ ಶಾಹೀನ್ ಸಂಸ್ಥೆ ಬಡ ಮನೆಗಳ ಮಕ್ಕಳೂ ಡಾಕ್ಟರಾಗಬಹುದು ಎಂದು ತೋರಿಸಿತು. ದೊಡ್ಡ ಕೆಲಸ ಅದು. ಆದರೆ ನೀಟ್‌ಗೆ ವಯಸ್ಸಿನ ಮೇಲಿನ ಮಿತಿಯನ್ನು 2022ರಲ್ಲಿ ತೆಗೆದ ಮೇಲೆ ರಿಪೀಟರ್ ವರ್ಷಗಳಿಗೆ ಕೊನೆಯಿಲ್ಲ. ಡಾಕ್ಟರ್ ಎಂಬ ಹೆಸರನ್ನು ಬದಿಗಿಟ್ಟು ರೋಗಿಯ ಕೆಲಸ, ದನಕರುಗಳ ಕೆಲಸ ಎಂದು ನೋಡಿದರೆ ನರ್ಸಿಂಗ್, ಲ್ಯಾಬ್, ಫಾರ್ಮಸಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸೋಯಾ, ತೊಗರಿ, ಉದ್ದು ಬೆಳೆಯುವ, ಮನೆಮನೆಯಲ್ಲಿ ಎಮ್ಮೆ ಕಟ್ಟಿರುವ ತಾಲ್ಲೂಕಿನಲ್ಲಿ ಪಶುವೈದ್ಯರ ದಾರಿ ಕಾಯುವ ಜನ ಕಡಿಮೆಯಿಲ್ಲ.

ಹೆಣ್ಣುಮಕ್ಕಳ ಗುರಿಗಳಿಗೆ ಬೇರೆಯದೇ ಗಡಿಯಾರ. ಹುಡುಗನಿಗೆ 35ರವರೆಗೆ ಸಮಯವಿದ್ದರೆ ಹುಡುಗಿಗೆ ಮದುವೆ ಗೊತ್ತಾಗುವ ತನಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಅವರಿಗೆ ಬಸವಕಲ್ಯಾಣದ ಕಾಲೇಜನ್ನು, ಹುಮನಾಬಾದಿನ ತರಬೇತಿಯನ್ನು ಕೈಗೆಟುಕಿಸಿದೆ. ಆದರೆ ನಾನು ಮೇಲೆ ಹೇಳಿದ 15,000 ಶಿಕ್ಷಕರ ನೇಮಕಾತಿಯನ್ನೇ ನೋಡಿ: ಮದುವೆಯಾದ ಅಭ್ಯರ್ಥಿಗಳು ಜಾತಿ–ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ವ್ಯಾಜ್ಯ ಹೈಕೋರ್ಟಿಗೆ ಹೋಗಿ, 2022ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದವರು 2023ರ ಕೊನೆಯ ತಿಂಗಳುಗಳವರೆಗೆ ಕಾಯಬೇಕಾಯಿತು. ಓದಿದ್ದು ಹುಡುಗಿ, ಕಾಗದ ಕೇಳಿದ್ದು ಗಂಡಸರದ್ದು. ಹೆಣ್ಣು ನೋಡಲು ಬಂದವರ ಮುಂದೆ, ಓದು ಎಲ್ಲಿಗೆ ನಿಂತಿದೆ, ಮುಂದಿನ ಪರೀಕ್ಷೆ ಯಾವಾಗ, ಮದುವೆಯಾದ ಮೇಲೆ ಕೆಲಸಕ್ಕೆ ಯಾರು ಬೆಂಬಲ ಕೊಡುತ್ತಾರೆ ಎಂದು ಅಪ್ಪ ಅವ್ವ ಬಾಯಿಬಿಟ್ಟು ಕೇಳಲಿ. ಬಂಗಾರದ ಮಾತು ಆಡುವಷ್ಟೇ ಸಲೀಸಾಗಿ ಈ ಮಾತೂ ಆಡಬಹುದು.

ಇದನ್ನೆಲ್ಲ ಎಲ್ಲಿಂದ ಶುರು ಮಾಡುವುದು? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಪಕ್ಕದ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ನಮ್ಮ ಬೀದರಿನ ಸ್ಥಿತಿಯೂ ಹೆಮ್ಮೆಪಡುವಂಥದ್ದಲ್ಲ. ಹತ್ತನೇ ತರಗತಿಯನ್ನು ಗಟ್ಟಿಯಾಗಿ ದಾಟಿಸುವುದೇ ಶಾಲೆಯ ಮೊದಲ ಹೊಣೆ. ಫಲಿತಾಂಶ ಬಂದ ಮೇಲಿನ ಕೆಲವೇ ವಾರಗಳಲ್ಲಿ ಪಿಯು, ಪಾಲಿಟೆಕ್ನಿಕ್, ಐಟಿಐ, ಜಿಟಿಟಿಸಿ ಎಲ್ಲದರ ಅರ್ಜಿಗಳೂ ಬಂದು ಹೋಗುತ್ತವೆ. ಹಾಗಾಗಿ ಮಾತು ಆಡಬೇಕಾದ್ದು ಒಂಬತ್ತನೇ ತರಗತಿಯಲ್ಲಿ. ದಸರಾ ರಜೆಗೆ ಮುಂಚೆ ಒಂದು ಶನಿವಾರ ಮಂಠಾಳದ ಪ್ರೌಢಶಾಲೆಗೆ ನಾಲ್ವರನ್ನು ಕರೆಸಬಹುದು: 371ಜೆ ಮೀಸಲಿನಲ್ಲಿ ನೌಕರಿ ಪಡೆದ ಒಬ್ಬ ಶಿಕ್ಷಕಿ, ಜಿಟಿಟಿಸಿಯಲ್ಲಿ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿ, ಸಸ್ತಾಪುರ ಬಂಗ್ಲಾದ ಒಬ್ಬ ಉಸ್ತಾದ, ನಾಡಕಚೇರಿಯ ಒಬ್ಬ ಸಿಬ್ಬಂದಿ. ಭಾಷಣ ಬೇಡ. ಹತ್ತನೇ ಮುಗಿದ ಮೇಲೆ ಮೊದಲ ವರ್ಷ ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಯಾವ ಕಾಗದ ಬೇಕಾಯಿತು, ಮೊದಲ ಪಗಾರ ಎಷ್ಟು ಎಂದು ಮಕ್ಕಳು ಕೇಳಲಿ, ಅವರು ಹೇಳಲಿ. ಖರ್ಚೆಂದರೆ ನಾಲ್ವರ ಬಸ್ಸಿನ ದುಡ್ಡು ಮತ್ತು ಚಹಾ. ಶಾಲಾಭಿವೃದ್ಧಿ ಸಮಿತಿ ಮನಸ್ಸು ಮಾಡಿದರೆ ಈ ವರ್ಷವೇ ಆಗುತ್ತದೆ.